ಜೋಡಿ ಚುಕ್ಕೆಗೆರೆಯ ದಾರಿಗಳು

ಬುಕ್ಕಾಂಬುಧಿ ಸೇರಿದಂತೆ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸೀಮೆಯನ್ನು ಮಲೆನಾಡೆಂದು ಕರೆಯಲಾಗದು, ಪೂರಾ ಬಯಲುಸೀಮೆಯೆಂದೂ ಅನ್ನಲಾಗದು. ಪಶ್ಚಿಮದ ಬಾಬಾಬುಡನ್ ಗಿರಿಸಾಲು ಮುಂಗಾರಿನ ಬಹುಪಾಲನ್ನು ತನ್ನ ಮೇಲೇ ಇಳಿಸಿಕೊಂಡು ಉಳಿದುದನ್ನಷ್ಟೇ ಪೂರ್ವಕ್ಕೆ ಬಿಡುವುದರಿಂದ, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ಮಂಜಿನಿಂದ ಕಡೂರಿನ ಒಣಬಯಲಿಗೆ ಒಂದು ಹಗಲಿನಲ್ಲಿ ಸೈಕಲ್ ತುಳಿದು ಇಳಿಯಬಹುದು. ನಡುವಿನ ಪಟ್ಟಿಯಲ್ಲಿ ಬೋಳುಗುಡ್ಡ, ಕಾವಲೆಂಬ ಹುಲ್ಲುನೆಲ, ಕೆರೆ, ಎರೆಹೊಲ, ತೆಂಗು ಅಡಿಕೆಯ ತೋಟ ಒಂದರ ಮಗ್ಗುಲಲ್ಲಿ ಇನ್ನೊಂದು ಬರುತ್ತವೆ. ಅವುಗಳನ್ನು ಒಂದಕ್ಕೊಂದು ಕೂಡಿಸುವ ಡಾಂಬರು ಕಾಣದ ದಾರಿಗಳೇ ಈ ಸಂವಾದದ ವಿಷಯ. ಮಾತನಾಡುವವರು ಇಬ್ಬರು: ಭೂಗೋಳ ಕಲಿಸುವ, ರಜಾದಿನಗಳಲ್ಲಿ ದೂರದ ಸೈಕಲ್ ಸವಾರಿ ಮಾಡುವ ಒಬ್ಬ ಅಧ್ಯಾಪಕಿ, ಮತ್ತು ಕೆಲಸದಿಂದ ನಿವೃತ್ತರಾದ ಒಬ್ಬ ಭೂಮಾಪಕರು. ಇಬ್ಬರ ನಡುವೆ ಮೇಜಿನ ಮೇಲೆ ಒಂದು ಗ್ರಾಮ ನಕಾಶೆ ಹರಡಿದೆ.

ಅಧ್ಯಾಪಕಿ: ಗ್ರಾವೆಲ್ ಸೈಕ್ಲಿಂಗ್ ಎಂದರೆ ಡಾಂಬರು ರಸ್ತೆಯ ನಯವೂ ಇಲ್ಲದ, ಬೆಟ್ಟದ ಕಾಲುಹಾದಿಯ ಒರಟುತನವೂ ಇಲ್ಲದ ಮಣ್ಣು ಮತ್ತು ನೊರಜುಗಲ್ಲಿನ ದಾರಿಗಳಲ್ಲಿ ಮಾಡುವ ದೂರದ ಸವಾರಿ. ಅದಕ್ಕೆ ಬಳಸುವ ಸೈಕಲ್ಲಿಗೆ ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ ಇರುತ್ತದೆ, ಆದರೆ ಟೈರಿನ ಅಗಲ ಸುಮಾರು 35ರಿಂದ 50 ಮಿಲಿಮೀಟರ್ ಇದ್ದು, ಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗಲೆಂದು ಗಾಳಿಯನ್ನು ಕಡಿಮೆ ತುಂಬುತ್ತಾರೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನ ಸುತ್ತಲ ಹುಲ್ಲುಗುಡ್ಡಗಳಲ್ಲಿ 2006ರಲ್ಲಿ ಕೆಲವೇ ಜನರೊಂದಿಗೆ ಶುರುವಾದ 200 ಮೈಲಿಯ ಸ್ಪರ್ಧೆ ಈ ಹವ್ಯಾಸಕ್ಕೆ ಹೆಸರು ತಂದಿತು, 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯಿತು. ಆ ಹುಲ್ಲುಗುಡ್ಡಗಳ ಚಿತ್ರ ನೋಡಿದವರಿಗೆ ಅಜ್ಜಂಪುರದ ಕಾವಲು ನೆನಪಾಗದೆ ಇರದು. ಹೀಗಿರುವಾಗ ಈ ಸೀಮೆಯ ವಾಹನ ಸಂಚಾರವಿಲ್ಲದ ದಾರಿಗಳನ್ನು ಗುರುತಿಸಿ, ಒಂದು ಮಾರ್ಗಪಟ ಮಾಡಿ, ಅಲ್ಲಲ್ಲಿ ಫಲಕ ನೆಟ್ಟರೆ ತಪ್ಪೇನು ಸರ್?

ಭೂಮಾಪಕ: ತಪ್ಪು ಒಪ್ಪುಗಳ ಮಾತು ಆಮೇಲಾಗಲಿ ಮೇಡಂ, ಮೊದಲು ಟೈರಿನ ಲೆಕ್ಕ ಮುಗಿಸಬಹುದು. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುತ್ತಿದ್ದ ಕರಿಯ ಸೈಕಲ್ಲಿನ ಟೈರಿನ ಮೇಲೆ ‘28 × 1½’ ಎಂದು ಅಚ್ಚಾಗಿರುತ್ತದೆ. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್, ಅಂದರೆ ಈಗ ಗ್ರಾವೆಲ್ ಟೈರ್ ಎಂದು ಮಾರುವ ಅಳತೆಯೇ. ಮಣ್ಣುದಾರಿಗೆ ಎಷ್ಟು ಅಗಲದ ಚಕ್ರ ಬೇಕೆಂಬುದು ಈ ಕಡೆಯ ಹಾಲಿನವರಿಗೂ ಅಂಚೆಯವರಿಗೂ ಗೊತ್ತಿತ್ತು. ಅವರಿಗೆ ಇಲ್ಲದಿದ್ದದ್ದು ಗೇರು. ಏರು ಬಂದಾಗ ಇಳಿದು ತಳ್ಳುತ್ತಿದ್ದರು, ಅದನ್ನು ಯಾರೂ ಸೋಲೆಂದು ಎಣಿಸುತ್ತಿರಲಿಲ್ಲ.

ಅಧ್ಯಾಪಕಿ: ಅಂದರೆ ಸೈಕಲ್ಲು ಹಳೆಯದು, ಹೆಸರು ಮಾತ್ರ ಹೊಸದು ಎಂಬ ಮಾತನ್ನು ಒಪ್ಪಬಹುದು. ಆದರೆ ಹಾಲಿನವರು ದಾರಿಯನ್ನು ಹುಡುಕಬೇಕಾಗಿರಲಿಲ್ಲ, ಅವರ ದಾರಿ ಅವರಿಗೆ ಗೊತ್ತಿತ್ತು. ಹೊರಗಿನಿಂದ ಬಂದವರು ಹುಡುಕುವುದು ಎಲ್ಲಿ? ಮೊಬೈಲಿನ ನಕ್ಷೆಗಳು ಡಾಂಬರು ರಸ್ತೆಗೇ ಒಯ್ದು ನಿಲ್ಲಿಸುತ್ತವೆ, ಉಪಗ್ರಹದ ಚಿತ್ರದಲ್ಲಿ ದಾರಿಯೂ ಒಣಗಿದ ಹಳ್ಳವೂ ಒಂದೇ ಬಣ್ಣದಲ್ಲಿ ಕಾಣುತ್ತವೆ.

ಭೂಮಾಪಕ: ಅದಕ್ಕೆ ಈ ಕಾಗದವೇ ಇದೆ. ಹಳೆಯ ಮೈಸೂರಿನ ಗ್ರಾಮ ನಕಾಶೆಗಳನ್ನು ಸಾಮಾನ್ಯವಾಗಿ ಒಂದು ಇಂಚಿಗೆ 20 ಸರಪಳಿಯ ಅಳತೆಯಲ್ಲಿ ಬರೆದಿದ್ದಾರೆ. ಸರಪಳಿ ಎಂದರೆ 33 ಅಡಿಯ, 16 ಆಣೆಗಳಾಗಿ ಭಾಗಿಸಿದ ಮೋಜಣಿಯ ಸಂಕೋಲೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಹಾಗಾಗಿ ಕಾಗದದ ಒಂದು ಇಂಚು ನೆಲದ ಮೇಲೆ 660 ಅಡಿ, ಎಂಟು ಇಂಚು ಒಂದು ಮೈಲಿ. ಇಷ್ಟು ದೊಡ್ಡ ಅಳತೆಯಲ್ಲಿ ಬರೆದುದರಿಂದ ಒಂದೊಂದು ಹೊಲದ ಬದುವೂ, ಬಾವಿಯೂ, ಗಡಿಯ ಬಾಂದುಕಲ್ಲೂ ಕಾಣುತ್ತವೆ. ಅದರಲ್ಲಿ ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. ‘ನಕಾಶೆ ಕಂಡ ದಾರಿ’ ಎಂದು ರೈತರು ಜಗಳದಲ್ಲೂ ಪಂಚಾಯಿತಿಯಲ್ಲೂ ಹೇಳುವುದು ಇದನ್ನೇ. ಕಂದಾಯ ಇಲಾಖೆ ಈ ನಕಾಶೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಎಂಬ ಮೊಬೈಲ್ ಆ್ಯಪ್ ಕೂಡ ಇದೆ. ಎರಡನ್ನೂ ಜೊತೆಗಿಟ್ಟುಕೊಂಡವರಿಗೆ ಬೇರೆ ಮಾರ್ಗಪಟ ಬೇಕಿಲ್ಲ.

ಅಧ್ಯಾಪಕಿ: ನಕಾಶೆ ಕಂಡ ದಾರಿಯನ್ನು ಹಿಡಿದು ಹೋದರೆ ಎಷ್ಟೋ ಕಡೆ ಅದು ಅಡಿಕೆ ತೋಟದ ಬೇಲಿಗೆ ಹೋಗಿ ನಿಲ್ಲುತ್ತದೆ. ಕಾಗದದ ಮೇಲೆ ದಾರಿ ಇದ್ದು ನೆಲದ ಮೇಲೆ ಇಲ್ಲದಿದ್ದರೆ ಅದನ್ನು ದಾರಿ ಎನ್ನುವುದು ಹೇಗೆ?

ಭೂಮಾಪಕ: ಕಾನೂನು ಅದನ್ನು ದಾರಿ ಎಂದೇ ಕರೆಯುತ್ತದೆ. ಸಾಗುವಳಿಗೆ ಬಾರದೆಂದು ಕಂದಾಯದಿಂದ ಬಿಟ್ಟ ನೆಲಕ್ಕೆ ಖರಾಬು ಎಂದು ಹೆಸರು, ಅದರಲ್ಲಿ ಎರಡು ಬಗೆ. ಬಂಡೆಯೋ ಕೊರಕಲೋ ಆಗಿರುವ ಕಾರಣಕ್ಕೆ ಬಿಟ್ಟದ್ದು ‘ಎ’ ಖರಾಬು. ದಾರಿ, ಹಳ್ಳ, ಸ್ಮಶಾನ ಮುಂತಾಗಿ ಊರಿನವರೆಲ್ಲರ ಬಳಕೆಗೆಂದು ಬಿಟ್ಟದ್ದು ‘ಬಿ’ ಖರಾಬು. ಬಂಡಿದಾರಿ ‘ಬಿ’ ಖರಾಬಿನಲ್ಲಿದ್ದರೆ ಅಕ್ಕಪಕ್ಕದ ಹಿಡುವಳಿದಾರರು ಅದನ್ನು ಉತ್ತು ಸೇರಿಸಿಕೊಳ್ಳುವಂತಿಲ್ಲ. ನಕಾಶೆಯಲ್ಲಿ ಇಲ್ಲದ ದಾರಿಗೂ ಹಕ್ಕು ಹುಟ್ಟಬಹುದು: ಒಬ್ಬರ ಹೊಲದ ಮೂಲಕ ಇನ್ನೊಬ್ಬರು 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂಬಂತೆ ಓಡಾಡಿದ್ದರೆ 1882ರ ಅನುಭೋಗದ ಹಕ್ಕಿನ ಕಾಯ್ದೆ ಅದನ್ನು ಮಾನ್ಯ ಮಾಡುತ್ತದೆ. ಆದರೆ ಕಾಯ್ದೆ ಒಂದು ಕಡೆ, ಬದು ಒಂದು ಕಡೆ. ಬಂಡಿ ಹೊಡೆಯುವವರು ಕಡಿಮೆಯಾದ ಹಾಗೆ ಬೇಲಿ ವರ್ಷಕ್ಕೆ ಒಂದು ಮೊಳ ಮುಂದೆ ಬರುತ್ತದೆ, ಕೇಳುವವರಿಲ್ಲದಿದ್ದರೆ ಕೊಳವೆಬಾವಿ ಬಿದ್ದ ವರ್ಷ ಅಡಿಕೆಸಸಿಯೇ ದಾರಿಯ ಮೇಲೆ ನಿಲ್ಲುತ್ತದೆ. ಯಾರೂ ನಡೆಯದ ದಾರಿಯೇ ಮೊದಲು ಸಾಯುವುದು. ಸಂಚಾರವಿಲ್ಲದ ದಾರಿ ಬೇಕೆಂಬ ಕೋರಿಕೆಯಲ್ಲಿ ಈ ತೊಡಕು ಅಡಗಿದೆ.

ಅಧ್ಯಾಪಕಿ: ಕೋರಿಕೆ ಇರುವುದು ವಾಹನವಿಲ್ಲದ ದಾರಿಗೆ, ಜನ, ದನ, ಬಂಡಿಯ ಓಡಾಟ ಇರಲಿ ಎಂಬುದಕ್ಕೆ ಸವಾರರ ಆಕ್ಷೇಪವಿಲ್ಲ. ಅದರಲ್ಲೂ ಒಂಟಿಯಾಗಿ ಸೈಕಲ್ ತುಳಿಯುವ ಹೆಂಗಸಿಗೆ ಮೇವಿನ ಹೊರೆ ಹೊತ್ತವರೋ ಕುರಿ ಕಾಯುವವರೋ ಕೂಗಳತೆಯಲ್ಲಿರುವ ದಾರಿಯೇ ನಿಜವಾಗಿ ನಿಶ್ಚಿಂತೆಯ ದಾರಿ. ಹೆದ್ದಾರಿಯಲ್ಲಿ ಸಾವಿರ ಜನ ಹಾದುಹೋದರೂ ಅವರ್ಯಾರೂ ಜೊತೆಗಿರುವುದಿಲ್ಲ. ಆದರೂ ಇಲ್ಲಿ ಒಂದು ಉದಾಹರಣೆ ಹೇಳಬೇಕು. ಇಟಲಿಯ ಟಸ್ಕನಿ ಎಂಬ ಗುಡ್ಡಗಾಡು ಸೀಮೆಯಲ್ಲಿ ಸುಣ್ಣದ ನೊರಜು ಹಾಸಿದ ಬಿಳಿ ದಾರಿಗಳಿವೆ, ಅವನ್ನು ‘ಸ್ತ್ರಾದೆ ಬಿಯಾಂಕೆ’ ಎಂದು ಕರೆಯುತ್ತಾರೆ. ಅವೆಲ್ಲ ಒಂದೊಂದಾಗಿ ಡಾಂಬರಿನ ಕೆಳಗೆ ಮುಚ್ಚಿಹೋಗುತ್ತಿದ್ದ ಕಾಲದಲ್ಲಿ, ಹಳೆಯ ಸೈಕಲ್ಲುಗಳಲ್ಲಿ ಆ ದಾರಿಗಳ ಮೇಲೆ ಓಡುವ ‘ಎಲ್ ಎರೋಯಿಕಾ’ ಎಂಬ ಕೂಟವನ್ನು 1997ರಲ್ಲಿ ಗಯೋಲೆ ಎಂಬ ಊರಿನಲ್ಲಿ ಆರಂಭಿಸಿದರು. ಬಿಳಿ ದಾರಿಗಳನ್ನು ಉಳಿಸುವುದೇ ಅದರ ಒಂದು ಉದ್ದೇಶವಾಗಿತ್ತು, ಇಂದು ಆ ದಾರಿಗಳನ್ನು ನೋಡಲೆಂದೇ ಜನ ದೇಶ ದೇಶಗಳಿಂದ ಬರುತ್ತಾರೆ. ಬುಕ್ಕಾಂಬುಧಿಯ ಕೆಂಪು ದಾರಿಗಳಿಗೆ ಅಂಥ ಭಾಗ್ಯ ಏಕಿರಬಾರದು?

ಭೂಮಾಪಕ: ಬಿಳಿ ದಾರಿ ಚೆಂದವೆಂದು ಟಸ್ಕನಿಯವರಿಗೆ ಅನ್ನಿಸುವ ಹೊತ್ತಿಗೆ ಅಲ್ಲಿ ಬಸುರಿಯನ್ನು ಗಾಡಿಯ ಮೇಲೆ ಮಲಗಿಸಿ ಅದೇ ದಾರಿಯಲ್ಲಿ ಆಸ್ಪತ್ರೆಗೆ ಸಾಗಿಸುವ ಕಾಲ ಕಳೆದುಹೋಗಿತ್ತು. ಈ ಕಡೆ ಕೆಂಪುಮಣ್ಣಿನ ಜೊತೆಗೆ ಎರೆಯೂ ಇದೆ. ಎರೆಮಣ್ಣು ಎಂದರೆ ನೀರು ಕುಡಿದಾಗ ಉಬ್ಬಿ ಒಣಗಿದಾಗ ಬಿರಿಯುವ ಕಪ್ಪು ಜೇಡಿ. ಹದವಾದ ಒಂದು ಮಳೆ ಬಿದ್ದರೆ ಸಾಕು, ಅದು ಎತ್ತಿನ ಗೊರಸಿಗೂ ಬಂಡಿಯ ಹಳಿಗೂ ಹತ್ತಿ ಗಾಲಿ ತಿರುಗದಂತೆ ಮಾಡುತ್ತದೆ. ಅಂಥ ದಾರಿಯಲ್ಲಿ ಆರು ತಿಂಗಳು ಬದುಕಿದವರು ಡಾಂಬರು ಕೇಳಿದರೆ ಅದನ್ನು ಅರಸಿಕತೆ ಎನ್ನಲಾಗದು. 2000ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಗ್ರಾಮ ಸಡಕ್ ಯೋಜನೆ ಬಂತು, ಅದರ ಬೆನ್ನಿಗೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಬಂತು, ಆಮೇಲೆ ಉದ್ಯೋಗ ಖಾತರಿಯ ಹಣದಲ್ಲಿ ಹೊಲಗಳಿಗೆ ಹೋಗುವ ದಾರಿಗೆ ಮಣ್ಣು ಜಲ್ಲಿ ಹಾಕಿಸುವ ‘ನಮ್ಮ ಹೊಲ ನಮ್ಮ ದಾರಿ’ ಬಂತು. ಊರಿಂದೂರಿಗೆ ಹೋಗುವ ದಾರಿಯನ್ನು ಮಣ್ಣಾಗಿಯೇ ಬಿಡಿ ಎಂದು ಕೇಳುವ ಹಕ್ಕು ಭಾನುವಾರದ ಸವಾರರಿಗೆ ಇಲ್ಲ.

ಭೂಮಾಪಕರ ಈ ಮಾತು ಸ್ವಲ್ಪ ಬಿರುಸಾಯಿತೆಂದು ಓದುವವರಿಗೆ ಅನ್ನಿಸಬಹುದು. ಆದರೆ ಮಣ್ಣುದಾರಿಯ ಬಗ್ಗೆ ಬರೆಯುವ ಸವಾರರ ಬರಹಗಳಲ್ಲಿ ಆ ದಾರಿಯಲ್ಲಿ ವಾಸಿಸುವವರು ಹೆಚ್ಚಾಗಿ ಎಳನೀರು ಕೊಡುವವರಾಗಿಯೋ ದಾರಿ ತೋರಿಸುವವರಾಗಿಯೋ ಮಾತ್ರ ಬಂದುಹೋಗುವುದನ್ನು ಕಂಡರೆ ಬಿರುಸಿಗೆ ಕಾರಣವಿಲ್ಲವೆಂದು ಹೇಳುವುದು ಕಷ್ಟ. ಅಧ್ಯಾಪಕಿ ಹಿಂದೆ ಸರಿಯಲಿಲ್ಲ.

ಅಧ್ಯಾಪಕಿ: ಆ ಹಕ್ಕನ್ನು ಕೇಳುತ್ತಿಲ್ಲ. ತಾವೇ ಹೇಳಿದ ಮಾತಿನಿಂದ ಬೇರೊಂದು ತೀರ್ಮಾನವೂ ಹೊರಡುತ್ತದೆ. ಊರಿಂದೂರಿಗೆ ಡಾಂಬರು ಬಂದಾಗ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲ ಅತ್ತ ತಿರುಗುತ್ತವೆ, ಹಳೆಯ ಬಂಡಿದಾರಿ ಹೊಲದವರಿಗಷ್ಟೇ ಉಳಿಯುತ್ತದೆ. ಹೀಗೆ ತೆರವಾದ ದಾರಿಯಲ್ಲಿ ವಾರಕ್ಕೆ ಹತ್ತು ಸೈಕಲ್ಲು ಹೋದರೆ, ಅದು ಇನ್ನೂ ದಾರಿಯೇ ಎಂಬುದಕ್ಕೆ ಹತ್ತು ಸಾಕ್ಷಿ ಸಿಕ್ಕಂತಾಗುವುದಿಲ್ಲವೇ?

ಭೂಮಾಪಕ: ಇದು ಒಪ್ಪತಕ್ಕ ಮಾತು. ಹೊಲದ ದಾರಿ, ಕೆರೆಯ ಏರಿ, ಕಾಲುವೆಯ ಮಗ್ಗುಲು, ಕಾವಲಿನ ಅಂಚು, ಈ ನಾಲ್ಕಕ್ಕೆ ಸವಾರಿಯನ್ನು ಮಿತಿಗೊಳಿಸಿದರೆ ಯಾರ ಡಾಂಬರಿಗೂ ಅಡ್ಡಿಯಾಗದು.

ಅಧ್ಯಾಪಕಿ: ಕಾವಲಿನ ಅಂಚು ಮಾತ್ರವೇ? ಸವಾರರಿಗೆ ಬೇಕಾದದ್ದು ಅದರ ನಡುವೆ ಇದೆ. ಸಾಲುಮರವಿಲ್ಲ, ವಿದ್ಯುತ್ ಕಂಬವಿಲ್ಲ, ಕಣ್ಣು ಹಾಯುವವರೆಗೂ ಹುಲ್ಲು. ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿರುವಾಗ...

ಭೂಮಾಪಕ: ಖಾಲಿ ಎಂಬ ಶಬ್ದವೇ ಕಾವಲಿಗೆ ದೊಡ್ಡ ಶತ್ರು, ಮೇಡಂ. ಅಮೃತಮಹಲ್ ಕಾವಲೆಂದರೆ ಅರಮನೆಯ ದನಗಳ ಮೇವಿಗೆಂದು ಶತಮಾನಗಳ ಹಿಂದೆ ಕಾದಿರಿಸಿದ ಹುಲ್ಲುನೆಲ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಕಟ್ಟಿದ ದನದ ಹಿಂಡನ್ನು ಮೈಸೂರಿನ ಒಡೆಯರು ಬೆಳೆಸಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಹಾಲಿನ ಹೆಸರಿದ್ದರೂ ಇದು ಹಾಲಿನ ತಳಿಯಲ್ಲ, ಫಿರಂಗಿ ಎಳೆಯುವ ತಳಿ. ಹೈದರಾಲಿ ಚಿದಂಬರಂ ಕಡೆಗೆ ಎರಡೂವರೆ ದಿನಗಳಲ್ಲಿ 100 ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. 1799ರಲ್ಲಿ ಹಿಂಡು ಅವರ ಕೈಗೆ ಹೋಯಿತು, 1860ರಲ್ಲಿ ಖರ್ಚಿನ ಲೆಕ್ಕ ನೋಡಿ ಮಾರಿಬಿಟ್ಟರು, ಸೈನ್ಯಕ್ಕೆ ಎತ್ತು ಸಾಲದೆ 1866ರಲ್ಲಿ ಮತ್ತೆ ಕಟ್ಟಿದರು, 1882ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರದು. ಬೀರೂರು, ಬಾಸೂರು, ಲಿಂಗದಹಳ್ಳಿಗಳಲ್ಲೂ ಹಿಂಡುಗಳಿವೆ, ಅಜ್ಜಂಪುರದಲ್ಲಿ ಹೋರಿ ಕರುಗಳ ಹರಾಜು ನಡೆದರೆ ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಹಿಂದಿನವರು ವಿಂಗಡಿಸಿದ್ದರು. ಒಂದರಲ್ಲಿ ಹುಲ್ಲು ಬೆಳೆಯಲೆಂದು ಹಿಂಡನ್ನು ಇನ್ನೊಂದಕ್ಕೆ ಅಟ್ಟುತ್ತಿದ್ದರು. ಯಾವುದೋ ತಿಂಗಳಲ್ಲಿ ದನ ಕಾಣದ ಕಾವಲನ್ನು ಖಾಲಿ ಎಂದು ಬರೆದುಕೊಂಡವರು ಈ ಪದ್ಧತಿಯನ್ನೇ ತಿಳಿಯದವರು. ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದದ್ದು, ಅದರ ವಿರುದ್ಧ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯ ತನಕ ಹೋದದ್ದು, ಎಲ್ಲವೂ ಆ ಒಂದು ಶಬ್ದದಿಂದ ಶುರುವಾದ ಕಥೆ.

ಅಧ್ಯಾಪಕಿ: ಸೈಕಲ್ಲು ಯಾರ ಎಕರೆಯನ್ನೂ ಕಿತ್ತುಕೊಳ್ಳುವುದಿಲ್ಲ.

ಭೂಮಾಪಕ: ಕಿತ್ತುಕೊಳ್ಳುವುದಿಲ್ಲ, ಆದರೆ ತುಳಿಯುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಸುಮಾರು 7.36 ಚದರ ಕಿಲೋಮೀಟರ್ ನೆಲವನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲೆಂದು ಘೋಷಿಸಿದ್ದಾರೆ. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ದಾರಿ ಮಾಡಿಕೊಳ್ಳುವಂತಿಲ್ಲ. ಮೀಸಲಿನ ಹೊರಗಿನ ಕಾವಲಿನಲ್ಲೂ ನೆಲದ ಮೇಲೇ ಮೊಟ್ಟೆಯಿಡುವ ನೆಲಗುಬ್ಬಿಗಳಿರುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಮರದ ಮೇಲೆ ಕೂರದೆ ಇಂಥ ಹುಲ್ಲಿನ ನಡುವೆ ನೆಲದಲ್ಲೇ ಗುಂಪಾಗಿ ರಾತ್ರಿ ಕಳೆಯುತ್ತವೆ. ಸಂಜೆ ಆರರ ಹೊತ್ತಿಗೆ ಹುಲ್ಲಿನೊಳಗೆ ನುಗ್ಗಿದ ಒಂದು ಸೈಕಲ್ಲಿಗೆ ಅಷ್ಟೂ ಹಕ್ಕಿಗಳು ಏಳುತ್ತವೆ, ಎದ್ದವು ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕು. ಇನ್ನು ದನಗಳ ವಿಷಯ. ಅಮೃತಮಹಲ್ ದನ ಹಟ್ಟಿಯ ದನದಂತಲ್ಲ. ತನ್ನ ಸೇರ್ವೆಗಾರನ, ಅಂದರೆ ಹಿಂಡು ಕಾಯುವವನ, ಕೂಗಿಗೆ ಓಗೊಡುತ್ತದೆ, ಅಪರಿಚಿತರನ್ನು ಕಂಡರೆ ತಲೆಯೆತ್ತಿ ನಿಲ್ಲುತ್ತದೆ. ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾದ ಆ ಕೊಂಬುಗಳ ಸಾಲು ಒಟ್ಟಿಗೆ ಒಂದೇ ಕಡೆ ತಿರುಗಿದಾಗ ಸೈಕಲ್ಲಿನಿಂದ ಇಳಿದು, ಸದ್ದಿಲ್ಲದೆ ಬಳಸಿ ಹೋಗುವುದು ಮರ್ಯಾದೆ, ಬುದ್ಧಿವಂತಿಕೆಯೂ ಹೌದು.

ಅಧ್ಯಾಪಕಿ: ಹಾಗಾದರೆ ಅಂಚೇ ಸಾಕು. ಕುರಿಮಂದೆಯ ನಾಯಿಗಳಿಗೂ ಸವಾರರು ಇದೇ ಉಪಾಯ ಮಾಡುತ್ತಾರೆ: ಇಳಿದು, ನಾಯಿಗೂ ತಮಗೂ ನಡುವೆ ಸೈಕಲ್ಲನ್ನು ಅಡ್ಡ ಇಟ್ಟುಕೊಂಡು ನಿಧಾನವಾಗಿ ನಡೆಯುತ್ತಾರೆ. ಓಡುವ ಗಾಲಿಯನ್ನು ಅಟ್ಟುವ ನಾಯಿ ನಡೆಯುವ ಮನುಷ್ಯರನ್ನು ಅಟ್ಟುವುದು ಕಡಿಮೆ. ಕಾಲುವೆಯ ಮಗ್ಗುಲಿನ ಬಗ್ಗೆ ಏನು ಹೇಳುತ್ತೀರಿ? ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊರಡುವ ಬಲದಂಡೆ ನಾಲೆಯೇ 103 ಕಿಲೋಮೀಟರ್ ಉದ್ದವಿದೆ. ನಾಲೆ ಗುಡ್ಡದ ಸಮಮಟ್ಟದ ಗೆರೆ ಹಿಡಿದು ಬಳಸುತ್ತಾ ಸಾಗುವುದರಿಂದ ಅದರ ಪಕ್ಕದ ದಾರಿಯಲ್ಲಿ ಏರಿಳಿತವೇ ಇರುವುದಿಲ್ಲ. ಗುಡ್ಡಗಾಡಿನಲ್ಲಿ ಇಂಥ ಮಟ್ಟಸ ದಾರಿ ಸಿಗುವುದು ಅಪರೂಪ.

ಭೂಮಾಪಕ: ಅದು ನೀರಾವರಿಯವರ ಜೀಪು ತಿರುಗಲೆಂದು ಬಿಟ್ಟ ದಾರಿ, ಫಲಕ ಹಾಕಿ ನಿಷೇಧಿಸಿದ ಕಡೆ ಹೋಗಬಾರದು, ಉಳಿದ ಕಡೆ ರೈತರು ಹೋಗುವಂತೆ ಹೋಗಬಹುದು. ಒಂದು ಎಚ್ಚರ ಬೇಕು. ಹಳೆಯ ಮಣ್ಣಿನ ಕಾಲುವೆಗೆ ಜಾರಿದವರು ಹುಲ್ಲೋ ಬೇರೋ ಹಿಡಿದು ಮೇಲೆ ಬರುತ್ತಿದ್ದರು. ಕಾಂಕ್ರೀಟು ಹಾಸಿದ ಹೊಸ ಕಾಲುವೆಯ ಇಳಿಜಾರಿನ ಮೈಯಲ್ಲಿ ಪಾಚಿ ಕಟ್ಟಿರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಲ್ಲವರೂ ಹತ್ತಲಾರರು. ನೀರು ಬಿಟ್ಟ ದಿನ ದಾರಿಯ ಆಚೆ ಮಗ್ಗುಲಲ್ಲೇ ತುಳಿಯಬೇಕು.

ಅಧ್ಯಾಪಕಿ: ರೈಲಿನ ಹಳೆಯ ಜಾಡುಗಳನ್ನು ಸೈಕಲ್ ದಾರಿ ಮಾಡುವುದು ಇನ್ನೊಂದು ಉಪಾಯ. ಸ್ಪೇನಿನಲ್ಲಿ 1993ರಿಂದ ಹಾಗೆ ಮಾಡುತ್ತಿದ್ದಾರೆ, ಅವನ್ನು ‘ವಿಯಾಸ್ ವೆರ್ದೆಸ್’, ಹಸಿರು ದಾರಿಗಳು ಎನ್ನುತ್ತಾರೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಒಂದು ಕಾಲದಲ್ಲಿ ಎರಡಡಿ ಅಗಲದ ಕಿರುರೈಲು ಓಡುತ್ತಿತ್ತು.

ಭೂಮಾಪಕ: ಅದರ ಆಚೆಯ ಸೀಮೆ ಈಗ ಭದ್ರಾ ಜಲಾಶಯದ ನೀರು ಮತ್ತು 1998ರಲ್ಲಿ ಹುಲಿ ಮೀಸಲಾದ ಭದ್ರಾ ಅಭಯಾರಣ್ಯ. ಆ ಆಸೆಯನ್ನು ಬಿಡುವುದೇ ಒಳ್ಳೆಯದು.

ಅಧ್ಯಾಪಕಿ: ಬಿಟ್ಟದ್ದಾಯಿತು. ಈಗಿನ ರೈಲು ಉಪಯೋಗಕ್ಕೆ ಬರುತ್ತದೆಯಲ್ಲ. ಬೀರೂರು, ಅಜ್ಜಂಪುರ, ಶಿವನಿ ನಿಲ್ದಾಣಗಳು ಹುಬ್ಬಳ್ಳಿಯ ಮಾರ್ಗದ ಮೇಲೇ ಇವೆ, ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವಂತೆ ಸವಾರಿಯನ್ನು ಯೋಚಿಸಿದರೆ ಕಾರಿನ ಮೇಲೆ ಸೈಕಲ್ ಹೇರಿಕೊಂಡು ಬರುವ ಅಗತ್ಯವಿಲ್ಲ. ತರೀಕೆರೆಯ ಕಡೆಯಿಂದ ಹೊರಟವರಿಗೆ ಅಮೃತಾಪುರವಿದೆ, ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ, ಜನ್ನ ಕವಿ ರಚಿಸಿದ ಶಾಸನ. ಅದರ ಪ್ರಾಕಾರದ ನೆರಳಿನಲ್ಲಿ ಮಧ್ಯಾಹ್ನದ ಬಿಸಿಲು ಕಳೆದರೆ ಸವಾರಿಗೆ ಒಂದು ನಡುವಣ ನಿಲ್ದಾಣ ಸಿಕ್ಕಂತಾಯಿತು. ಕಾಲದ ವಿಷಯ ಉಳಿಯಿತು. ಯಾವ ತಿಂಗಳು ಹೊರಡಬೇಕು?

ಭೂಮಾಪಕ: ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳಿದರೆ ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಮೊದಲ ವಾರ ಕಳೆದ ಮೇಲೆ. ಅದಕ್ಕೆ ಮುಂಚೆ ಎರೆದಾರಿಗೆ ಇಳಿಯಬಾರದು. ಎರೆ ಹಸಿಯಿದ್ದಾಗ ಟೈರಿಗೂ ಬ್ರೇಕಿಗೂ ನಡುವಿನ ಸಂದಿಯಲ್ಲಿ ಹುಲ್ಲುಕಡ್ಡಿ ಸಮೇತ ಮೆತ್ತಿಕೊಂಡು ಹೋಗಿ ಹತ್ತು ಮಾರು ದೂರದಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಅದಕ್ಕಿಂತ ಮುಖ್ಯವಾಗಿ, ಹಸಿಯಲ್ಲಿ ಬಿದ್ದ ಜಾಡು ಒಣಗಿ ಕಲ್ಲಾಗಿ ಬಂಡಿಯವರಿಗೆ ಇಡೀ ಬೇಸಿಗೆ ಕಾಟ ಕೊಡುತ್ತದೆ. ಕೆಂಪುನೆಲದ ನೊರಜು ದಾರಿ ಮಳೆ ನಿಂತ ಮರುದಿನವೇ ಗಟ್ಟಿಯಾಗುತ್ತದೆ. ನಕಾಶೆಯಲ್ಲಿ ಮಣ್ಣಿನ ಬಣ್ಣ ಬರೆದಿರುವುದಿಲ್ಲ, ಅದನ್ನು ಹೊಲದವರನ್ನೇ ಕೇಳಬೇಕು.

ಅಧ್ಯಾಪಕಿ: ನವೆಂಬರಿನಲ್ಲಿ ಬೇರೊಂದು ಕಾಟವಿದೆ, ನೆಗ್ಗಿಲು. ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಆ ಬಳ್ಳಿಯ ಕಾಯಿ ಒಣಗಿದಾಗ ಹೋಳಾಗಿ ಉದುರುತ್ತದೆ, ಒಂದೊಂದು ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಬರಿಗಾಲಿನಲ್ಲಿ ಬದುವಿನ ಮೇಲೆ ನಡೆದವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಕಾನ್ಸಾಸಿನ ಸವಾರರೂ ಇದೇ ಜಾತಿಯ ಗಿಡವನ್ನು ಶಪಿಸುತ್ತಾರೆ. ಟ್ಯೂಬಿಲ್ಲದ ಟೈರಿನೊಳಗೆ ಹಾಲಿನಂಥ ಸೀಲೆಂಟ್ ದ್ರವ ತುಂಬಿದರೆ ಮುಳ್ಳು ಮಾಡಿದ ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಬಳ್ಳಾರಿ ಜಾಲಿಯ ಉದ್ದ ಮುಳ್ಳಿಗೆ ಅದೂ ಸಾಲದು. ಊರಿನ ಪಂಕ್ಚರ್ ಅಂಗಡಿಯವರಿಗೆ ಪರಿಚಯವಿರುವುದು ಟ್ಯೂಬು ಮಾತ್ರ, ಆದ್ದರಿಂದ ಒಂದು ಟ್ಯೂಬನ್ನು ಚೀಲದಲ್ಲಿಟ್ಟುಕೊಳ್ಳುವುದು ಕ್ಷೇಮ.

ಭೂಮಾಪಕ: ಡಾಂಬರು ರಸ್ತೆಗೆ ಬಂದಾಕ್ಷಣ ಕಾಟ ತಪ್ಪಿತೆಂದು ತಿಳಿಯಬೇಡಿ. ಸುಗ್ಗಿಯಲ್ಲಿ ಹುರುಳಿಯನ್ನು ರಸ್ತೆಯ ಮೇಲೆ ಹರಡಿ, ವಾಹನಗಳ ಗಾಲಿಯಿಂದ ತುಳಿಸುತ್ತಾರೆ. ಕಣ ಮಾಡಿ ರೋಣಗಲ್ಲು ಎಳೆಸುವ ಶ್ರಮ ತಪ್ಪುತ್ತದೆಂಬುದು ಅವರ ಲೆಕ್ಕ. ಲಾರಿಗೆ ಅದು ಲೆಕ್ಕಕ್ಕಿಲ್ಲ, ಸೈಕಲ್ಲಿಗಾದರೆ ಹುರುಳಿಬಳ್ಳಿ ಪೆಡಲಿಗೂ ಹಿಂದಿನ ಹಲ್ಲುಚಕ್ರಕ್ಕೂ ಸುತ್ತಿಕೊಂಡು ಚೈನು ಕಳಚುತ್ತದೆ.

ಅಧ್ಯಾಪಕಿ: ಅಂದರೆ ವಾಹನವಿಲ್ಲದ ದಾರಿಯಲ್ಲಿ ದನ, ವಾಹನವಿರುವ ದಾರಿಯಲ್ಲಿ ಕಣ.

ಭೂಮಾಪಕ: ಎಲ್ಲ ದಾರಿಯೂ ಯಾವುದೋ ಕೆಲಸಕ್ಕೆಂದು ಇರುವುದರಿಂದ ಹಾಗೆ. ಸವಾರಿಯನ್ನೇ ಕೆಲಸ ಮಾಡಿಕೊಂಡ ದಾರಿ ಈ ಸೀಮೆಯಲ್ಲಿ ಇಲ್ಲ, ಇರಬೇಕೆಂದೂ ತೋರುವುದಿಲ್ಲ. ಫಲಕದ ಮಾತಿಗೆ ಉತ್ತರ ಬಾಕಿಯಿತ್ತಲ್ಲ, ಅದು ಇಷ್ಟೇ. ಫಲಕ ನೆಟ್ಟ ಕೂಡಲೇ ದಾರಿಗೆ ಒಬ್ಬ ಒಡೆಯ ಹುಟ್ಟುತ್ತಾನೆ. ಪ್ರವಾಸದವರು ಬೈಕು, ಜೀಪು ತರುತ್ತಾರೆ, ಆಗ ವಾಹನವಿಲ್ಲದ ದಾರಿ ಎಂಬ ಬರಹ ಫಲಕದ ಮೇಲೆ ಮಾತ್ರ ಉಳಿಯುತ್ತದೆ. ನಕಾಶೆ ಓದಲು ಕಲಿತು ಬಂದವರು ದಾರಿಯಲ್ಲಿ ಸಿಕ್ಕವರನ್ನು ಮಾತನಾಡಿಸಿಕೊಂಡೇ ಬರುತ್ತಾರೆ, ಅಷ್ಟು ಸಾಕು.

ಅಧ್ಯಾಪಕಿ: ಫಲಕ ಬೇಡವೆಂಬುದಕ್ಕೆ ಅರ್ಧ ಒಪ್ಪಿಗೆ ಇದೆ, ನಕಾಶೆ ಓದುವುದನ್ನು ಎಲ್ಲರೂ ಕಲಿಯುತ್ತಾರೆಂಬ ನಂಬಿಕೆಗೆ ಅಷ್ಟೂ ಇಲ್ಲ. ಇರಲಿ. ಇಲ್ಲಿ ಒಂದು ವಿಚಿತ್ರವಿದೆ ನೋಡಿ ಸರ್. ಈ ಜೋಡಿ ಚುಕ್ಕೆಗೆರೆ ಊರ ಕಡೆಯಿಂದ ಬಂದು, ಏರಿಯನ್ನು ಹತ್ತದೆ, ನೇರವಾಗಿ ಕೆರೆಯ ನೀಲಿಯೊಳಗೇ ಇಳಿದು ಆಚೆ ದಡದಲ್ಲಿ ಏಳುತ್ತದೆ. ಬಂಡಿ ಈಜುತ್ತಿತ್ತೇ?

ಭೂಮಾಪಕ: ಅದು ಕೆರೆಯಂಗಳದ ದಾರಿ. ಈ ಕಡೆಯ ಹಳಬರಿಗೆ ಕೆರೆ ಎಂದರೆ ಕಡಲು, ಬುಕ್ಕಾಂಬುಧಿಯ ಹೆಸರಿನಲ್ಲೇ ಅಂಬುಧಿ ಕೂತಿದೆ. ಆದರೂ ಮಳೆ ಕೈಕೊಟ್ಟ ಕಡಲು ಎಷ್ಟು ದಿನ ಇದ್ದೀತು? ಶಿವರಾತ್ರಿ ಕಳೆಯುವ ಹೊತ್ತಿಗೆ ಇಂಥ ಕೆರೆಗಳ ನೀರು ತೂಬಿನ ಮಟ್ಟಕ್ಕಿಂತ ಕೆಳಗಿಳಿದು, ಅಂಗಳ ಬಿರುಕು ಬಿಟ್ಟು, ಆಚೆ ಊರಿಗೆ ಬಳಸಿ ಹೋಗುವ ಬದಲು ಬಂಡಿಗಳು ನಡುವೆಯೇ ಹಾಯುತ್ತಿದ್ದವು. ಹೂಳು ಹೊಡೆಯುವ ಗಾಡಿಗಳೂ ಅದೇ ಜಾಡು ಹಿಡಿಯುತ್ತಿದ್ದವು. ಅಳೆಯಲು ಬಂದವನು ಬೇಸಿಗೆಯಲ್ಲಿ ಬಂದಿದ್ದರಿಂದ ಅದನ್ನೂ ಬರೆದುಕೊಂಡ.

ಅಧ್ಯಾಪಕಿ: ಹಾಗಾದರೆ ಮಾರ್ಚಿನಿಂದ ಮೇ ತನಕ ಸವಾರಿಗೆ ಇದಕ್ಕಿಂತ ಒಳ್ಳೆಯ ದಾರಿ ಇರಲಾರದು. ಮಟ್ಟಸವಾದ ನೆಲ, ಬೇಲಿಯಿಲ್ಲ, ವಾಹನವಂತೂ ಇಲ್ಲವೇ ಇಲ್ಲ.

ಭೂಮಾಪಕ: ಇತ್ತು ಎನ್ನಬೇಕಾದೀತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಗುಡ್ಡದೊಳಗೆ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದು ಆಚೆಗೆ ಹರಿಸಿದ್ದಾರೆ, 2019ರ ಅಕ್ಟೋಬರಿನಲ್ಲಿ ಮೊದಲ ನೀರು ಹರಿಯಿತು. ನಾಲ್ಕು ಜಿಲ್ಲೆಗಳ 367 ಕೆರೆಗಳನ್ನು ತುಂಬಿಸುವುದು ಅದರ ಲೆಕ್ಕ. ಒಂದೊಂದು ಕೆರೆ ಹಾಗೆ ತುಂಬಿದಾಗಲೂ ಇಂಥ ಒಂದೊಂದು ದಾರಿ ನೀರಿನಡಿ ಹೋಗುತ್ತದೆ, ಶಿವರಾತ್ರಿ ಕಳೆದರೂ ಏಳುವುದಿಲ್ಲ.

ಅಧ್ಯಾಪಕಿ: ಆ ದಾರಿ ಹೋಯಿತೆಂದು ತಕರಾರು ಅರ್ಜಿ ಕೊಟ್ಟವರು ಇರಬಹುದೇ?

ಭೂಮಾಪಕ: ಕೆರೆ ತುಂಬಿದ ದಿನ ಊರಿಗೆ ಊರೇ ಏರಿಯ ಮೇಲೆ ಬಾಗಿನ ಹಿಡಿದು ನಿಂತಿರುತ್ತದೆ ಮೇಡಂ. ಅವತ್ತು ಸೈಕಲ್ಲನ್ನು ತಳ್ಳಿಕೊಂಡು ಹೋಗಲೂ ಏರಿಯ ಮೇಲೆ ಜಾಗ ಸಿಗುವುದಿಲ್ಲ.